ತಡವಾಗಿ ಬಂದ ಹಾರ್ಪ್

ದೊಡ್ಡಮ್ಮನ ಹಾರ್ಮೋನಿಯಂ ಅಟ್ಟ ಸೇರಿದ್ದು ದೊಡ್ಡಪ್ಪ ತೀರಿಕೊಂಡ ವರ್ಷ. ನುಡಿಸಬೇಡ ಎಂದು ಯಾರೂ ಹೇಳಲಿಲ್ಲ. ನುಡಿಸು ಎಂದೂ ಯಾರೂ ಹೇಳಲಿಲ್ಲ. ಅಮೆರಿಕದ ಪಿಯಾನೋ ವಾದಕಿ ಆಲಿಸ್ ಕೋಲ್ಟ್ರೇನ್ ಅವರ ಮೊದಲ ಆಲ್ಬಂ ಕೇಳುವಾಗಲೆಲ್ಲ ನನಗೆ ಆ ಅಟ್ಟ ನೆನಪಾಗುತ್ತದೆ.

ಆಲಿಸ್ ಹುಟ್ಟಿದ್ದು 1937ರಲ್ಲಿ, ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ಚಿಕ್ಕಂದಿನಲ್ಲೇ ಪಿಯಾನೋ ಕಲಿತು ಚರ್ಚಿನಲ್ಲಿ ನುಡಿಸಿದವರು. 1965ರಲ್ಲಿ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರನ್ನು ಮದುವೆಯಾದರು. ಮರುವರ್ಷ ಗಂಡನ ತಂಡದಲ್ಲಿ ಮೆಕಾಯ್ ಟೈನರ್ ಬಿಟ್ಟುಹೋದ ಪಿಯಾನೋದ ಮುಂದೆ ಕುಳಿತರು. ಹಳೆಯ ತಂಡವನ್ನು ಮೆಚ್ಚಿದ್ದ ಎಷ್ಟೋ ಜನ ಮುಖ ಸಿಂಡರಿಸಿದರು.

ಆ ತಂಡ ಆಗ ನುಡಿಸುತ್ತಿದ್ದುದು ಫ್ರೀ ಜಾಝ್. ಅದಕ್ಕೆ ಲೆಕ್ಕವಿಟ್ಟ ತಾಳವಿಲ್ಲ, ಮೊದಲೇ ಗೊತ್ತುಮಾಡಿದ ಸ್ವರಗುಚ್ಛಗಳ ದಾರಿಯೂ ಇಲ್ಲ. ಒಬ್ಬರಿಗೊಬ್ಬರು ಕಿವಿಗೊಟ್ಟು ಆ ಗಳಿಗೆಯಲ್ಲೇ ಕಟ್ಟುವ ಸಂಗೀತ ಅದು. ಮೊದಲ ಸಲ ಕೇಳಿದಾಗ ನನಗೂ ಗದ್ದಲವೆನಿಸಿತ್ತು.

1967ರ ಜುಲೈ 17ರಂದು ಜಾನ್ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ 40 ವರ್ಷ, ಆಲಿಸ್‌ಗೆ 29. ಮಡಿಲಲ್ಲಿ ನಾಲ್ಕು ಮಕ್ಕಳು, ಕೊನೆಯದು ಇನ್ನೂ ಹಸುಗೂಸು. ಜಾನ್ ಬೇಕೆಂದು ತರಿಸಿದ್ದ ದೊಡ್ಡ ಹಾರ್ಪ್ ಬಾಗಿಲಿಗೆ ಬಂದದ್ದು ಅವರು ಹೋದ ಮೇಲೆ.

ಆಲಿಸ್ ಅದಕ್ಕೆ ಬಟ್ಟೆ ಹೊದಿಸಿಡಲಿಲ್ಲ, ತಂತಿಗಳ ಮೇಲೆ ಕೈಯಿಟ್ಟರು. 1968ರಲ್ಲಿ, ನ್ಯೂಯಾರ್ಕ್ ಸಮೀಪದ ಡಿಕ್ಸ್ ಹಿಲ್ಸ್‌ನ ಮನೆಯ ಸ್ಟುಡಿಯೋದಲ್ಲಿ, ತಮ್ಮದೇ ಹೆಸರಿನ ಮೊದಲ ಆಲ್ಬಂ 'ಎ ಮೊನಾಸ್ಟಿಕ್ ಟ್ರಿಯೋ' ಮಾಡಿದರು. ತಟ್ಟೆಯ ಒಂದು ಮಗ್ಗುಲಲ್ಲಿ ಪಿಯಾನೋ, ಇನ್ನೊಂದರಲ್ಲಿ ಹಾರ್ಪ್. ಬಾಸ್ ನುಡಿಸಿದ ಜಿಮ್ಮಿ ಗ್ಯಾರಿಸನ್, ಒಂದು ರಚನೆಯಲ್ಲಿ ಜೊತೆಗೂಡಿದ ಫರೋಆ ಸ್ಯಾಂಡರ್ಸ್, ಇಬ್ಬರೂ ಗಂಡನ ಒಡನಾಡಿಗಳೇ. 'ಗಾಸ್ಪೆಲ್ ಟ್ರೇನ್' ಎಂಬ ರಚನೆಯ ಹೆಸರನ್ನೇ ನೋಡಿ: ಗಾಸ್ಪೆಲ್ ಅವರ ಬಾಲ್ಯದ ಚರ್ಚಿನ ಹಾಡು, ಟ್ರೇನ್ ಗೆಳೆಯರು ಜಾನ್‌ರನ್ನು ಕರೆಯುತ್ತಿದ್ದ ಹೆಸರು. ತವರು, ಗಂಡ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ.

ಗಂಡನ ನೆನಪಿನ ದುಃಖ ಅಲ್ಲಿದೆ. ಆದರೆ ಕೈ ಅವರದೇ. ಆ ಮೇಲೆ ಹಲವು ಆಲ್ಬಂ ಮಾಡಿ, ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ, 2007ರ ಜನವರಿ 12ರಂದು ಆಲಿಸ್ ತೀರಿಕೊಂಡರು.

ಕೊನೆಗೊಂದು ದಿನ ನಾವೂ ಹಾರ್ಮೋನಿಯಂ ಇಳಿಸಿದೆವು. ತಿದಿಯನ್ನು ಇಲಿ ಕಡಿದಿತ್ತು. ದೊಡ್ಡಮ್ಮ ಮನೆಗಳ ಮೇಲೆ ಬೆರಳಿಟ್ಟರು. ಬೆರಳುಗಳು ಎಲ್ಲೂ ತಡವರಿಸಲಿಲ್ಲ, ಸದ್ದಿಲ್ಲದೆ ಓಡಿದವು.