ಮುಖ್ಯಮಂತ್ರಿಗಳು ಮುಂದೂಡಿದ ಊರು

1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಉದ್ಘಾಟನೆ ಮಾತ್ರ ಜಿಲ್ಲಾ ಕೇಂದ್ರದಲ್ಲಿ ನಡೆಯಲಿಲ್ಲ. ಅಂದಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ನೆರವೇರಿಸಿದ್ದು ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ಅಷ್ಟು ಹೊತ್ತಿಗೆ ಬಲವಾಗಿ ಬೇರೂರಿತ್ತು.

ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಈ ಐವರೂ ಇಲ್ಲಿಗೆ ಬಂದುಹೋದ ಮೇಲೆಯೇ ಅಧಿಕಾರ ಕಳೆದುಕೊಂಡರು ಎಂದು ಜನ ಲೆಕ್ಕ ಹಾಕಿದರು. ಒಬ್ಬೊಬ್ಬರದನ್ನೂ ಬಿಡಿಸಿ ನೋಡಿದರೆ ಕಾರಣ ಬೇರೆ ಕಡೆ ಸಿಗುತ್ತದೆ. ಇಂದಿರಾ ಗಾಂಧಿಯವರಿಂದ ದೂರವಾಗಿದ್ದ ಅರಸು 1980ರ ಲೋಕಸಭಾ ಚುನಾವಣೆಯ ಸೋಲಿನ ಬಳಿಕ ಇಳಿದರು. ಗುಂಡೂರಾಯರ ಪಕ್ಷವನ್ನು 1983ರಲ್ಲಿ ಮತದಾರರೇ ಸೋಲಿಸಿದರು. ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ 1989ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ಪಾಟೀಲರನ್ನು 1990ರಲ್ಲಿ ಪಕ್ಷದ ಹೈಕಮಾಂಡ್ ಕೆಳಗಿಳಿಸಿತು. ಇದರಲ್ಲಿ ಊರಿನ ತಪ್ಪೇನು?

ಭಯಕ್ಕೆ ಮುಂದೂಡುವುದು ಬೇರೆ ಕಡೆಯೂ ಇದೆ. ಸಕ್ಕರೆ ಕಾಯಿಲೆಯ ಗುಮಾನಿ ಇದ್ದವರು ರಕ್ತ ಪರೀಕ್ಷೆಯನ್ನು ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದು ತಳ್ಳುತ್ತಾ ಹೋಗುತ್ತಾರೆ. ಮನೆಯವರು ಅದನ್ನು ಸೋಮಾರಿತನ ಎಂದು ಬೈಯುತ್ತಾರೆ. ಒಳಗೆ ಕೂತಿರುವುದು ಎಷ್ಟೋ ಸಲ ಭಯ. ಚಾಮರಾಜನಗರದ ವಿಷಯದಲ್ಲಿ ಆ ಭಯ ಒಬ್ಬರಿಂದೊಬ್ಬರಿಗೆ ದಾಟಿ ಪದ್ಧತಿಯೇ ಆಗಿಬಿಟ್ಟಿತು. ಅದರ ನೋವು ತಟ್ಟಿದ್ದು ಇಲ್ಲಿನ ಜನಕ್ಕೆ. ನಾಡಿನ ಮುಖ್ಯಸ್ಥರು ತಮ್ಮ ಊರನ್ನೇ ಅಪಶಕುನ ಎಂದುಕೊಂಡರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ?

ಈ ಊರಿನದೇ ರೂಢಿ ನೋಡಿದರೆ ಚಿತ್ರ ತಿರುಗಾಮುರುಗಾ. ಅರಿಕುಠಾರ ಎಂದಿದ್ದ ಊರಿಗೆ ತಂದೆಯ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಾಮರಾಜೇಶ್ವರ ದೇವಾಲಯ ಕಟ್ಟಿಸಿದವರೂ ಅವರೇ. ಆ ದೇವರ ತೇರು ಹೊರಡುವುದು ಆಷಾಢದಲ್ಲಿ! ಹಳೇ ಮೈಸೂರಿನ ಸೀಮೆಯೆಲ್ಲ ಮದುವೆ, ಗೃಹಪ್ರವೇಶಗಳನ್ನು ಶ್ರಾವಣಕ್ಕೆ ತಳ್ಳಿ ಕೂತಿರುವ ತಿಂಗಳದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಿರುತ್ತಾರೆ. ತೇರಿನ ದಿನ ಅಗಲಿದ್ದ ಜೋಡಿಗಳು ಇಲ್ಲಿ ಸೇರುತ್ತವೆ, ಬಾಳೆಹಣ್ಣಿಗೆ ಜವನ ಸಿಕ್ಕಿಸಿ ರಥದತ್ತ ಎಸೆಯುತ್ತವೆ. 2017ರಲ್ಲಿ ಕಿಡಿಗೇಡಿತನಕ್ಕೆ ರಥ ಸುಟ್ಟಿತು. ಹೊಸ ತೇರು ಸಿದ್ಧವಾಗಿ 2022ರಲ್ಲಿ ಉತ್ಸವ ಮತ್ತೆ ನಡೆದಾಗಲೂ ಮಾಸ ಬದಲಾಗಲಿಲ್ಲ, ಆಷಾಢವೇ.

ಕೆಲಸ ಮುಂದೂಡದ, ಪಕ್ಕದ ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬರನ್ನೂ ಇಲ್ಲಿ ನೆನೆಯಬೇಕು. ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಯಲ್ಲಿ ಬೋರ್‌ವೆಲ್ ಕೊರೆಸಿದರು. ಜನ ‘ನೀರ್ ಸಾಬ್’ ಎಂದೇ ಕರೆದರು. ಕೊಡ ಹಿಡಿದು ನಿಂತವರಿಗೆ ನಾಳೆ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. 1988ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇಂದು ಅವರದೇ ಹೆಸರು.

ಪಟ್ಟಣದ ಬಗ್ಗೆ ಮುಖ್ಯಮಂತ್ರಿಗಳಿಗಿದ್ದ ಭಯ ಒಂದೇ ಏಟಿಗೆ ಹೋಗಲಿಲ್ಲ. 2007ರಲ್ಲಿ ಬಂದ ಎಚ್.ಡಿ. ಕುಮಾರಸ್ವಾಮಿ ಅದೇ ವರ್ಷ ಅಧಿಕಾರ ಕಳೆದುಕೊಂಡರು; ಬಿಜೆಪಿಯೊಂದಿಗಿನ ಒಪ್ಪಂದ ಮುರಿದದ್ದು ಕಾರಣವಾದರೂ ಹೆಸರು ಕೆಟ್ಟದ್ದು ಊರಿನದು. ಜಗದೀಶ್ ಶೆಟ್ಟರ್ ಬಂದರು, 2013ರ ಮೇ ಚುನಾವಣೆಯಲ್ಲಿ ಪಕ್ಷ ಸೋತಿತು. ಅದೇ ವರ್ಷ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಅಕ್ಟೋಬರ್‌ನಲ್ಲಿ ಚಾಮರಾಜನಗರಕ್ಕೆ ಬಂದರು. ಒಮ್ಮೆ ಬಂದು ಕೈತೊಳೆದುಕೊಳ್ಳಲಿಲ್ಲ. ಮತ್ತೆ ಬಂದರು, ಮತ್ತೆ ಮತ್ತೆ ಬಂದರು. ನಿಜವಾದ ಧೈರ್ಯ ಎರಡನೆಯ, ಮೂರನೆಯ ಭೇಟಿಯಲ್ಲಿದೆ. ಮುಖ್ಯಮಂತ್ರಿ ಬರುವುದು ಸುದ್ದಿಯಾಗದೆ ಬರೀ ಕಾರ್ಯಕ್ರಮವಾಗಲು ಅಷ್ಟು ಸಲ ಬರಬೇಕಾಯಿತು. 2018ರವರೆಗೆ ಅವರು ಐದು ವರ್ಷ ಪೂರೈಸಿದರು. ಅರಸು ಅವರ ನಂತರ ಪೂರ್ಣಾವಧಿ ಮುಗಿಸಿದ ಮೊದಲ ಮುಖ್ಯಮಂತ್ರಿ ಅವರೇ.

ಮುಂದೆ 2022ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಬಂದರು. ತಂದೆ ಎಸ್.ಆರ್. ಬೊಮ್ಮಾಯಿಯವರ ಹೆಸರನ್ನು ಹಳೆಯ ಪಟ್ಟಿಗೆ ಸೇರಿಸಿದ್ದ ಊರಿಗೇ ಮಗ ಮುಖ್ಯಮಂತ್ರಿಯಾಗಿ ಕಾಲಿಟ್ಟಿದ್ದರು. 2023ರಲ್ಲಿ ಅವರ ಪಕ್ಷ ಸೋತಾಗ ಮುಖ್ಯಮಂತ್ರಿಯಾಗಿ ಮರಳಿದವರು ಇದೇ ಊರಿಗೆ ಹಲವು ಸಲ ಬಂದುಹೋಗಿದ್ದ ಸಿದ್ದರಾಮಯ್ಯ.