ಬಿಸಿ ಹೊರುವ ನೀರು

ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಕಂಡವರಿಗೆ ಅದರ ಪಟ್ಟಾ, ಕಲ್ಲು, ಡಬಡಬ ಸದ್ದು ನೆನಪಿರುತ್ತವೆ. ಮಗ್ಗುಲಲ್ಲಿ ನಿಂತಿರುತ್ತಿದ್ದ ನೀರಿನ ತೊಟ್ಟಿಯನ್ನು ನೆನಪಿಟ್ಟವರು ಕಡಿಮೆ. ಯಲಬುರ್ಗಾ, ಕುಷ್ಟಗಿ ಸೀಮೆಯ ಜೋಳ ಸಜ್ಜೆಯೆಲ್ಲ ಹಿಟ್ಟಾಗುತ್ತಿದ್ದ ಕಾಲದಲ್ಲಿ ಆ ತೊಟ್ಟಿಯಿಲ್ಲದೆ ಇಂಜಿನ್ನು ಅರ್ಧ ತಾಸೂ ಬಾಳುತ್ತಿರಲಿಲ್ಲ. ಇಂಜಿನ್ನಿನಲ್ಲಿ ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಮಾತ್ರ ಪಟ್ಟಾ ತಿರುಗಿಸುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದದ್ದು ಸಿಲಿಂಡರಿನ ಗೋಡೆಗೆ ಬಡಿಯುತ್ತದೆ, ಅದನ್ನು ಹೊತ್ತೊಯ್ಯುವುದು ನೀರು. ತೊಟ್ಟಿಯಿಂದ ಎರಡು ಕೊಳವೆ: ಕೆಳಗಿನದರಲ್ಲಿ ತಣ್ಣೀರು ಒಳಗೆ, ಮೇಲಿನದರಲ್ಲಿ ಬಿಸಿನೀರು ಹೊರಗೆ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರುವುದರಿಂದ ಹಲವು ಕಡೆ ಪಂಪೂ ಬೇಕಿರಲಿಲ್ಲ.

ಈ ತೊಟ್ಟಿಯ ವಿಷಯ ನನಗೆ ಮತ್ತೆ ಬೇಕಾದದ್ದು ಗಂಗಾವತಿಯ ತಂಗಿಯ ಮಗನಿಂದ. ಅವನು ಮನೆಯ ಮೇಲಿನ ಕೋಣೆಯಲ್ಲಿ ಕೂತು ಅನಿಮೇಶನ್ ಕೆಲಸ ಮಾಡುತ್ತಾನೆ. ಎರಡು ಆರ್‌ಟಿಎಕ್ಸ್ 4090 ಕಾರ್ಡು ಇಟ್ಟುಕೊಂಡಿದ್ದಾನೆ. 2022ರಲ್ಲಿ ಬಂದ ಈ ಕಾರ್ಡು ಪೂರ್ತಿ ದುಡಿದಾಗ 450 ವ್ಯಾಟ್ ವಿದ್ಯುತ್ತು ನುಂಗುತ್ತದೆ, ನುಂಗಿದ್ದೆಲ್ಲ ಕೊನೆಗೆ ಶಾಖವೇ. ಎರಡು ಸೇರಿ 900 ವ್ಯಾಟ್, ಅಂದರೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆ ಹಗಲೂ ರಾತ್ರಿ ಕಾಯುತ್ತ ಕೂತ ಹಾಗೆ. ಕಾರ್ಡಿನ ಜೊತೆ ಬಂದ ಫ್ಯಾನು ಕೆಟ್ಟದ್ದಲ್ಲ. ಒಂದೇ ಕಾರ್ಡು ಇದ್ದರೆ ನೀರಿನ ಗೊಡವೆಗೇ ಹೋಗಬೇಡ ಅನ್ನುತ್ತಿದ್ದೆ. ಆದರೆ ದಪ್ಪ ಕಾರ್ಡುಗಳೆರಡು ಮೈಗೆ ಮೈ ತಾಗಿಸಿ ಕೂತಾಗ ಮೇಲಿನದು ಕೆಳಗಿನದರ ಬಿಸಿ ಉಸಿರನ್ನೇ ಎಳೆದುಕೊಳ್ಳುತ್ತದೆ. ಏಪ್ರಿಲ್ ಹೊತ್ತಿಗೆ ಹೊರಗೇ 40 ಡಿಗ್ರಿ. ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಒಪ್ಪಿಕೊಂಡ ಕೆಲಸ ತಡವಾಗುತ್ತದೆ.

‘ಮಾಮಾ, ನೀರಿನ ಬ್ಲಾಕ್ ಹಾಕಸ್ಬೇಕಂತ ಮಾಡೀನ್ರಿ. ಯಾವ್ದು ತಗೊಳ್ಳೋದು ತಿಳೀವಲ್ದು,’ ಅಂದ.

ಮೂರು ಲಕ್ಷದ ಸಾಮಾನಿನ ಮೇಲೆ ನೀರು ಹರಿಸುವ ಮಾತು. ಅದರಲ್ಲಿ ಅರ್ಧ ಹಣ ಅವರಪ್ಪನ ಭತ್ತದ್ದು. ನನಗೆ ಕಂಪ್ಯೂಟರಿಗಿಂತ ಹಳೆಯ ಯಂತ್ರಗಳ ಚರಿತ್ರೆ ಹೆಚ್ಚು ಗೊತ್ತು. ಆದ್ದರಿಂದ ಅಲ್ಲಿಂದಲೇ ಹಿಡಿದೆ.

ಲೋಹದೊಳಗೆ ನೀರಿಗೆ ದಾರಿ ಕೊರೆಯುವ ಯೋಚನೆಯ ಒಂದು ಹಳೆಯ ಉದಾಹರಣೆ ಕುಲುಮೆಯ ಬಾಯಲ್ಲಿದೆ. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬೋಮಾಂಟ್ ನೀಲ್ಸನ್ ಊದುಕುಲುಮೆಗೆ ತಣ್ಣನೆಯ ಗಾಳಿಯ ಬದಲು ಕಾಸಿದ ಗಾಳಿ ಊದುವ ಪೇಟೆಂಟು ಪಡೆದ. ಉರುವಲು ಉಳಿಯಿತು, ಆದರೆ ಗಾಳಿ ಹೋಗುವ ಮೂತಿಗಳೇ ಕರಗತೊಡಗಿದವು. ಮೂತಿಯ ಗೋಡೆಯೊಳಗೆ ನೀರು ಸುತ್ತಿಸಿದಾಗ ಅವು ಉಳಿದುಕೊಂಡವು. ಇಂದಿಗೂ ಊದುಕುಲುಮೆಯ ಮೂತಿ ತಾಮ್ರದ್ದು, ಒಳಗೆ ನೀರು. ಸಾವಿರ ಡಿಗ್ರಿ ದಾಟಿದ ಗಾಳಿಯ ನಡುವೆ, ಅಷ್ಟೇ ಶಾಖಕ್ಕೆ ಕರಗಬೇಕಾದ ತಾಮ್ರ ಗಟ್ಟಿಯಾಗಿ ನಿಂತಿರುವುದು ಹಿಂದಿನಿಂದ ನೀರು ಓಡುತ್ತಿರುವುದರಿಂದ.

ಇದು ನಮ್ಮಿಂದ ದೂರದ ಸಂಗತಿಯಲ್ಲ. ಕೊಪ್ಪಳದ ಬಳಿಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ಊದುಕುಲುಮೆಗಳಿವೆ. 1990ರ ದಶಕದಲ್ಲಿ ಬೀಡುಕಬ್ಬಿಣ ತೆಗೆಯಲು ಶುರುಮಾಡಿದ ಈ ಕಾರ್ಖಾನೆ ಅದರಿಂದ ಟ್ರ್ಯಾಕ್ಟರು, ಡೀಸೆಲ್ ಇಂಜಿನ್ನುಗಳ ಸಿಲಿಂಡರ್ ಬ್ಲಾಕು, ಸಿಲಿಂಡರ್ ಹೆಡ್ಡು ಎರಕಹೊಯ್ಯುತ್ತದೆ. ಬ್ಲಾಕಿನೊಳಗಿನ ನೀರಿನ ದಾರಿಯನ್ನು ಯಾರೂ ಕೊರೆಯುವುದಿಲ್ಲ. ಆ ದಾರಿಯ ಆಕಾರದಲ್ಲೇ ಮರಳಿನ ಅಚ್ಚು ಕಟ್ಟಿ ನಡುವೆ ಇಡುತ್ತಾರೆ, ಸುತ್ತ ಕಬ್ಬಿಣ ಸುರಿಯುತ್ತಾರೆ, ಆರಿದ ಮೇಲೆ ಮರಳನ್ನು ಉದುರಿಸುತ್ತಾರೆ. ಮರಳು ಇದ್ದ ಜಾಗ ನೀರಿನ ದಾರಿ. ಹುಡುಗ ವಿದೇಶದಿಂದ ತರಿಸಲು ಹೊರಟ ‘ಬ್ಲಾಕ್’ ಎಂಬ ಮಾತೂ ವಸ್ತುವೂ ಅವನ ಮನೆಯಿಂದ ಒಂದೆರಡು ತಾಸಿನ ದಾರಿಯಲ್ಲೇ ಬೇರೆ ರೂಪದಲ್ಲಿ ಇದ್ದವು.

ಮುನಿರಾಬಾದಿನ ಅಣೆಕಟ್ಟೆಗೂ ಶಾಖದ ಕತೆಗೂ ಸಂಬಂಧವಿದೆ. ಸಿಮೆಂಟು ಗಟ್ಟಿಯಾಗುವಾಗ ಕಾಯುತ್ತದೆ. ಅಮೆರಿಕದ ಹೂವರ್ ಅಣೆಕಟ್ಟೆ ಕಟ್ಟುವಾಗ (ಕಾಂಕ್ರೀಟು ಹಾಕಿದ್ದು 1933ರಿಂದ 1935ರವರೆಗೆ) ಅದರ ಹೊಟ್ಟೆಯೊಳಗೆ 900 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆ ಹೂತು ತಣ್ಣೀರು ಹರಿಸಿದರು. ಇಲ್ಲದಿದ್ದರೆ ತಾನಾಗಿ ಆರಲು ನೂರು ವರ್ಷ ದಾಟುತ್ತಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರೆಯ ಕಟ್ಟೆಗೆ ಆ ಗೋಳು ಬರಲಿಲ್ಲ. ಅದು ಕಲ್ಲುಕಟ್ಟಡ, ಸುರ್ಕಿ ಬೆರೆಸಿದ ಗಾರೆ ನಿಧಾನ ಬಿಗಿಯುವಂಥದ್ದು. ಎಡದಂಡೆ ನಿಜಾಮರ ಹೈದರಾಬಾದಿನದು, ಬಲದಂಡೆ ಮದರಾಸಿನದು. 1953ರಲ್ಲಿ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ಸೀಮೆಯಾಯಿತು. ಕಾಲುವೆ ಮುಟ್ಟದ ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿ ಉಳಿದವು.

ವಿದ್ಯುತ್ತು ಊರೂರಿಗೆ ಬಂದಂತೆ ಗಿರಣಿಗಳಿಗೆ ಗಾಳಿಯಲ್ಲೇ ತಣಿಯುವ ಮೋಟಾರು ಬಂತು, ತೊಟ್ಟಿ ಮಾಯವಾಯಿತು. ಆದರೆ ಅದೇ ವಿದ್ಯೆ ನೆಲದಡಿಗೆ ಇಳಿಯಿತು. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರುವುದು ಅದರ ಮೈ ಸವರಿ ಮೇಲೇರುವ ನೀರಿನಿಂದಲೇ. ಬಾವಿ ಬತ್ತಿದಾಗ ನೀರಿನ ಜೊತೆ ಮೋಟಾರೂ ಹೋಗುತ್ತದೆ. ‘ಮೋಟಾರ್ ಸುಟ್ತು’ ಎನ್ನುವ ಮಾತನ್ನು ಕುಷ್ಟಗಿ ಕಡೆಯ ರೈತರು ಎಂಥ ದನಿಯಲ್ಲಿ ಹೇಳುತ್ತಾರೆಂಬುದನ್ನು ಕೇಳಿದವರೇ ಬಲ್ಲರು.

ಕಂಪ್ಯೂಟರಿಗೆ ನೀರು ಬಂದದ್ದು 1960ರ ದಶಕದಲ್ಲಿ, ಐಬಿಎಮ್‌ನ ದೊಡ್ಡ ಯಂತ್ರಗಳ ಮೂಲಕ. 1980ರ 3081 ಯಂತ್ರದಲ್ಲಿ ಪ್ರತಿ ಚಿಪ್ಪಿನ ಬೆನ್ನಿಗೆ ಸ್ಪ್ರಿಂಗು ಒತ್ತಿದ ಪುಟ್ಟ ಲೋಹದ ಕೊಂತವಿತ್ತು, ಅದು ಎಳೆದ ಶಾಖವನ್ನು ಮೇಲಿನ ತಟ್ಟೆಯ ನೀರು ಒಯ್ಯುತ್ತಿತ್ತು. ಮರುವರ್ಷ ಸ್ಟ್ಯಾನ್‌ಫರ್ಡಿನ ಟಕರ್‌ಮನ್ ಮತ್ತು ಪೀಸ್ ಎಂಬಿಬ್ಬರು ಸಿಲಿಕಾನಿನ ಬೆನ್ನಿಗೇ ಕೂದಲೆಳೆಯಷ್ಟು ಸಪೂರ ಕಾಲುವೆಗಳನ್ನು ಕೊರೆದು ನೀರು ಹಾಯಿಸಿ, ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಶಾಖ ತೆಗೆದು ತೋರಿಸಿದರು. ಇಂದಿನ ಬ್ಲಾಕುಗಳೆಲ್ಲ ಆ ಕಾಲುವೆಗಳ ಸಂತಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಲ್ಲೂ ಶಾಖ ಹೊರುವುದು ದ್ರವವೇ.

ಇಷ್ಟು ಕೇಳಿ ಅಳಿಯ, ‘ಅದೆಲ್ಲಾ ಖರೆ ಐತ್ರಿ ಮಾಮಾ, ಯಾವ್ದು ತಗೊಳ್ಲಿ?’ ಅಂದ. ನ್ಯಾಯವೇ.

ಮೊದಲು ನೋಡಬೇಕಾದ್ದು ಹೊಂದಾಣಿಕೆ. 4090 ಎಂದು ಹೆಸರಿದ್ದ ಮಾತ್ರಕ್ಕೆ ಎಲ್ಲ ಕಾರ್ಡಿನ ಹಲಗೆ ಒಂದೇ ಅಲ್ಲ. ತಯಾರಕರು ಬೇರೆಯಾದರೆ ತಿರುಪಿನ ತೂತು, ಬಿಡಿಭಾಗಗಳ ಎತ್ತರ ಬೇರೆಯಾಗುತ್ತವೆ. ಚಿಪ್ಪನ್ನಷ್ಟೇ ಅಲ್ಲ, ಮೆಮೊರಿಯನ್ನೂ ವಿದ್ಯುತ್ತು ಸರಿಪಡಿಸುವ ಭಾಗಗಳನ್ನೂ ಮುಚ್ಚುವ ಬ್ಲಾಕು ಬೇಕು. ಹಲಗೆಯ ಮಾದರಿ ಓದಿ, ಅದಕ್ಕೇ ಮಾಡಿದ್ದನ್ನು ತರಿಸುವುದು ಒಂದೇ ದಾರಿ.

ಎರಡನೆಯದು ಲೋಹ. ಶಾಖ ದಾಟಿಸುವುದರಲ್ಲಿ ತಾಮ್ರ ಅಲ್ಯೂಮಿನಿಯಮ್ಮಿಗಿಂತ ಒಂದೂವರೆ ಪಟ್ಟು ಮೇಲು. ಬ್ಲಾಕು ತಾಮ್ರದ್ದಾಗಿ ರೇಡಿಯೇಟರು ಅಲ್ಯೂಮಿನಿಯಮ್ಮಿನದಾದರೆ ಒಂದೇ ನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಮ್ ಸವೆಯುತ್ತ ಹೋಗುತ್ತದೆ. ಅಗ್ಗವೆಂದು ಬೆರಕೆ ಮಾಡಬಾರದು. ಮೇಲ್ಮುಚ್ಚಳ ಗಾಜಿನಂಥ ಅಕ್ರಿಲಿಕ್ ಇದ್ದರೆ ನೋಡಲು ಚಂದ, ಅಸಿಟಾಲ್ ಕಪ್ಪಾಗಿ ಕಾಣುತ್ತದೆ ಆದರೆ ತಿರುಪು ಬಿಗಿದಾಗ ಸುಲಭಕ್ಕೆ ಸೀಳದು. ನಾನು ಕಪ್ಪಿನ ಪಕ್ಷ. ಬಣ್ಣದ ದೀಪಗಳಿಗಾಗಿ ಹೆಚ್ಚು ಹಣ ತೆರುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಮೂರನೆಯದರ ಬಗ್ಗೆ ನಾನು ಹಟ ಹಿಡಿದೆ. ‘ನೀರ್ ಯಾವ್ದ ಹಾಕ್ತೀಪಾ?’ ಎಂದರೆ ‘ಮನ್ಯಾಂದು ಫಿಲ್ಟರ್ ನೀರ್ ಐತಲ್ರಿ’ ಎಂದ. ನಮ್ಮ ಕೊಳವೆಬಾವಿಗಳ ನೀರು ಗಡಸು. ಕುಷ್ಟಗಿ, ಯಲಬುರ್ಗಾಗಳಲ್ಲಿ ಫ್ಲೋರೈಡಿನ ಕಾಟದಿಂದ ಜನರ ಹಲ್ಲು ಮೂಳೆ ಹಾಳಾದದ್ದು ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಕೆಡುಕು ಮಾಡುವುದು ಅದಲ್ಲ, ಸುಣ್ಣದಂಶ. ಗಿರಣಿ ಇಂಜಿನ್ನಿನ ನೀರಿನ ದಾರಿಯಲ್ಲಿ ಬೆಳ್ಳಗೆ ಉಪ್ಪು ಕಟ್ಟಿ ಮೇಸ್ತ್ರಿಗಳು ಕೆರೆದು ತೆಗೆಯಬೇಕಾಗುತ್ತಿತ್ತು. ಅಲ್ಲಿ ದಾರಿ ಬೆರಳು ಹೋಗುವಷ್ಟು ಅಗಲ. ಇಲ್ಲಿ ತಾಮ್ರದ ರೆಕ್ಕೆಗಳ ನಡುವಿನ ಸಂದು ಅರ್ಧ ಮಿಲಿಮೀಟರೂ ಇಲ್ಲ, ಕಟ್ಟಿದರೆ ಮುಗಿಯಿತು. ಫಿಲ್ಟರು ಎಷ್ಟು ಸುಣ್ಣ ಉಳಿಸುತ್ತದೋ ನಂಬುವಂತಿಲ್ಲ. ಡಿಸ್ಟಿಲ್ಡ್ ವಾಟರ್, ಅದರಲ್ಲಿ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ. ಒಟ್ಟು ಒಂದೆರಡು ಲೀಟರು. ಅದೇ ನೀರು ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ, ಗಿರಣಿ ತೊಟ್ಟಿಯ ಹಾಗೆ ಆವಿಯಾಗಿ ದಿನವೂ ಕೊಡ ಕೇಳುವುದಿಲ್ಲ. ನೀರಿಗೆ ಸರದಿ ನಿಲ್ಲುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ನಿಮಿಷಕ್ಕೆ ಒಂದು ಲೀಟರು ಹರಿದರೂ 450 ವ್ಯಾಟ್ ಹೊತ್ತ ನೀರು ಬಿಸಿಯೇರುವುದು ಆರೂವರೆ ಡಿಗ್ರಿಯಷ್ಟೇ. ಹಾಗಾಗಿ ಒಳ್ಳೆಯ ಎರಡು ಬ್ಲಾಕುಗಳ ನಡುವೆ ವ್ಯತ್ಯಾಸ ಬಂದರೂ ಕೆಲವೇ ಡಿಗ್ರಿ. ನೀರು ಶಾಖವನ್ನು ಕೊಲ್ಲುವುದಿಲ್ಲ, ಬೇರೆಡೆಗೆ ಒಯ್ಯುತ್ತದೆ. ಸುತ್ತಲ ಗಾಳಿಗಿಂತ ತಣ್ಣಗೆ ಮಾಡುವುದೂ ಅದರ ಕೈಲಾಗದು. ರೇಡಿಯೇಟರು ಅದೇ ಕೋಣೆಯಲ್ಲಿದ್ದರೆ ಆ 900 ವ್ಯಾಟು ಕೋಣೆಯಲ್ಲೇ ಉಳಿದು ಹುಡುಗನನ್ನೇ ಬೇಯಿಸುತ್ತದೆ. ಅದಕ್ಕೇ ಮಧ್ಯಮ ಬೆಲೆಯ, ನಿಕ್ಕಲ್ ಲೇಪದ ತಾಮ್ರದ ಬ್ಲಾಕು ಎರಡು ಸಾಕು, ಉಳಿದ ಹಣದಲ್ಲಿ ದೊಡ್ಡ ರೇಡಿಯೇಟರು, ಉದ್ದನೆಯ ಕೊಳವೆ ತಗೋ, ರೇಡಿಯೇಟರನ್ನು ಕಿಟಕಿಯಾಚೆ ಪಡಸಾಲೆಯ ನೆರಳಿಗೆ ಹಾಕು ಅಂದೆ. ಅವನಿಗೆ ಅದು ಅಂದಗೇಡಿ ಅನ್ನಿಸಿತು. ಎರಡು ದಿನ ಮಾತಾಡಲಿಲ್ಲ, ಆಮೇಲೆ ಗೋಡೆಗೆ ತೂತು ಹೊಡೆಸಿದ.

ಜೋಡಿಸಿದ ದಿನ ಕಾರ್ಡುಗಳಿಗೆ ಕರೆಂಟು ಕೊಡದೆ ಪಂಪಿಗೆ ಮಾತ್ರ ಕೊಟ್ಟು, ಪ್ರತಿ ಕೀಲಿನ ಕೆಳಗೆ ಬಿಳಿ ಕಾಗದ ಹಾಸಿ ಇಡೀ ರಾತ್ರಿ ನೀರು ಸುತ್ತಿಸಿದ. ಅವರಪ್ಪ ಎರಡು ಸಲ ಎದ್ದು ಬಂದು ಟಾರ್ಚು ಬಿಟ್ಟು ನೋಡಿದರಂತೆ. ಬೆಳಗ್ಗೆ ಎಂಟು ಕಾಗದಗಳಲ್ಲಿ ಏಳು ಒಣಗಿದ್ದವು. ಎಂಟನೆಯದರ ಮೇಲಿನ ಕೀಲನ್ನು ಕಾಲು ಸುತ್ತು ಬಿಗಿದು, ಹೊಸ ಕಾಗದ ಹಾಸಿ, ಇನ್ನೊಂದು ರಾತ್ರಿ ಕಾದರು.