ಎಳೆಯೋದು ಭಾರ

ತಿಕೋಟಾ, ಬಬಲೇಶ್ವರದ ಕಡೆ ಇವತ್ತಿಗೂ ರೈಲು ಹಳಿ ಇಲ್ಲ. ನಮ್ಮ ಮಂದಿಗೆ ರೈಲು ಅಂದ್ರ ವಿಜಯಪುರದ ಸ್ಟೇಷನ್ನೇ. ಅಲ್ಲಿಗೆ ಹಳಿ ಬಂದದ್ದರ ಹಿಂದೆ ಬರಗಾಲ ಇದೆ. 1876–78ರಲ್ಲಿ ಅಂದಿನ ಕಲಾದಗಿ ಜಿಲ್ಲೆ (ವಿಜಯಪುರವೂ ಅದರೊಳಗೇ) ಕಂಗಾಲಾಯಿತು. ಬೇರೆ ಕಡೆಯಿಂದ ಕಾಳು ತರಲು ಚಕ್ಕಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಆ ದಶಕದಲ್ಲೇ ಗದಗ–ಹೊಟಗಿ ಹಳಿ ಹಾಕಿತು. ಖರ್ಚು ಕಡಿಮೆ ಅಂತ ಮೀಟರ್ ಗೇಜ್. ಹೊಟಗಿಯಲ್ಲಿ ಸಿಗುತ್ತಿದ್ದದ್ದು ಬ್ರಾಡ್‌ಗೇಜ್, ಅಲ್ಲಿ ಚೀಲ ಇಳಿಸಿ ಏರಿಸಲೇಬೇಕು.

ಅಗ್ಗದ ಹಳಿಗೆ ಇನ್ನೊಂದು ಬೆಲೆ ಇತ್ತು. ಎಂಜಿನ್‌ಗೆ ಎಷ್ಟೇ ಉಗಿ ಇರಲಿ, ಅದು ಎಳೆಯೋದು ಎಳೆಗಾಲಿಗಳ ಮೇಲೆ ಕೂತ ಭಾರದ ಲೆಕ್ಕದಲ್ಲಿ. ಒಣ ಹಳಿಯ ಮೇಲೆ ಆ ಭಾರದ ಸುಮಾರು ಕಾಲು ಭಾಗದಷ್ಟು ಹಿಡಿತ. ಹಳಿ ಒದ್ದೆಯಾದ್ರ ಗಾಲಿ ನಿಂತಲ್ಲೇ ಗಿರಗಿರ ತಿರುಗತದ. ಅದಕ್ಕೇ ಉಗಿ ಎಂಜಿನ್ನಿಗೆ ಉಸುಕಿನ ಡಬ್ಬಿ. ಭಾರ ಹೆಚ್ಚಿಸೋಣ ಅಂದ್ರ ಹಗುರ ಹಳಿ ತಡಿಯೂದಿಲ್ಲ. ಹಾಗಾಗಿ ಭಾರವನ್ನು ಹೆಚ್ಚು ಗಾಲಿಗಳಿಗೆ ಹಂಚಿದರು: ಸ್ವಾತಂತ್ರ್ಯದ ನಂತರದ ಮೀಟರ್ ಗೇಜ್‌ನಲ್ಲಿ ಪ್ರಯಾಣಿಕರ ವೈಪಿಗೆ ಆರು ಎಳೆಗಾಲಿ, ಗೂಡ್ಸಿನ ವೈಜಿಗೆ ಎಂಟು.

ನಾನು ಮನೆಯಲ್ಲಿ ಮಾಡುತ್ತಿರುವ ಪುಟಾಣಿ ವೈಜಿಗೂ ಇದೇ ಲೆಕ್ಕ. ಮೋಟಾರ್ ಮುಟ್ಟಲಿಲ್ಲ, ಎಂಟು ಗಾಲಿಗಳ ನಟ್ಟನಡುವೆ, ಆದಷ್ಟು ಕೆಳಗೆ, ಸೀಸದ ತುಂಡು ಕೂರಿಸಿದೆ. ಮೇಲಿಟ್ಟರೆ ತಿರುವಿನಲ್ಲಿ ವಾಲತದ. ಅಪ್ಪ ಚಕ್ಕಡಿಯಲ್ಲಿ ಜೋಳದ ಚೀಲ ಹೇರುವಾಗಲೂ ಹಿಂದೆ ಭಾರ ಬೀಳದಂತೆ ನೋಡುತ್ತಿದ್ದರು, ಇಲ್ಲದಿದ್ದರೆ ನೊಗ ಮೇಲೇಳುತ್ತಿತ್ತು. ಏರಿನಲ್ಲಿ ಮೂರು ಡಬ್ಬಿ ಎಳೆಯುತ್ತಿದ್ದ ನನ್ನ ಎಂಜಿನ್ ಈಗ ಐದು ಎಳೀತದ.

ವಿಜಯಪುರದ ಹಳಿ ಈಗ ಬ್ರಾಡ್‌ಗೇಜ್. ಹೊಟಗಿಯಲ್ಲಿ ಚೀಲ ಇಳಿಸುವುದು ತಪ್ಪಿತು.